ಸಿಸ್ಟರ್‌ಗೆ ನೈಟ್ ಡ್ಯೂಟಿ, ಮಗು ಯಾರ ಹತ್ತಿರ?

ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಎರಡು, ಎರಡರಿಂದ ರಾತ್ರಿ ಎಂಟು, ರಾತ್ರಿ ಎಂಟರಿಂದ ಮರುದಿನ ಬೆಳಿಗ್ಗೆ ಎಂಟು. ಅರ್ಧ ಗಂಟೆ ಹಿಂದೆಮುಂದೆ ಬಿಟ್ಟರೆ ನಮ್ಮ ಕಡೆಯ ಆಸ್ಪತ್ರೆಗಳಲ್ಲಿ ನರ್ಸ್‌ಗಳ ದಿನ ಹಂಚಿಹೋಗಿರುವುದು ಹೀಗೆ. ಮಕ್ಕಳ ಗಡಿಯಾರವೇ ಬೇರೆ. ಶಾಲೆ ಸೇರುವುದು ಹತ್ತರ ಸುಮಾರಿಗೆ, ಬಿಡುವುದು ನಾಲ್ಕೂವರೆಯ ಹೊತ್ತಿಗೆ. ಮಾರ್ನಿಂಗ್ ಡ್ಯೂಟಿ ಬಿದ್ದ ದಿನ ತಾಯಿ ಏಳಕ್ಕೆಲ್ಲ ಮನೆ ಬಿಡಬೇಕು. ಮಗು ಶಾಲೆಗೆ ಹೊರಡುವ ತನಕ ಎರಡೂವರೆ ಗಂಟೆ ಮನೆಯಲ್ಲಿ ಯಾರಾದರೂ ದೊಡ್ಡವರು ಇರಬೇಕು. ಮಧ್ಯಾಹ್ನದ ಪಾಳಿಯಾದರೆ ತಲೆ ಬಾಚಿ, ಬುತ್ತಿ ಕಟ್ಟಿ, ಶಾಲೆಗೆ ಬಿಟ್ಟೇ ಹೊರಡಬಹುದು. ಆದರೆ ಸಂಜೆ ಮನೆಗೆ ಬಂದ ಮಗುವಿಗೆ ಕಾಣುವುದು ಬೀಗ ಹಾಕಿದ ಬಾಗಿಲು, ಅಮ್ಮ ಬರುವುದು ಎಂಟೂವರೆಗೋ ಒಂಬತ್ತಕ್ಕೋ. ನೈಟ್ ಡ್ಯೂಟಿಯ ಮಾತಂತೂ ಕೇಳುವುದೇ ಬೇಡ. ಮೂರು ಪಾಳಿಗಳಲ್ಲಿ ಒಂದೂ ಶಾಲೆಯ ಗಂಟೆಗೆ ಹೊಂದುವುದಿಲ್ಲ.

ಗಂಡ, ಅತ್ತೆ, ಓರಗಿತ್ತಿ, ಮೈದುನ ಇರುವ ಮನೆಯಲ್ಲಿ ಈ ಖಾಲಿ ಹೊತ್ತುಗಳನ್ನು ಒಬ್ಬರಲ್ಲ ಒಬ್ಬರು ತುಂಬಿಕೊಡುತ್ತಾರೆ. ಗಂಡ ತೀರಿಕೊಂಡ, ಬಿಟ್ಟುಹೋದ, ಅಥವಾ ತಾನೇ ಆ ಮನೆ ಬಿಟ್ಟು ಹೊರಬಂದ ಹೆಣ್ಣುಮಗಳು ನರ್ಸ್ ಆಗಿದ್ದರೆ ಅವಳ ಪಾಡೇನು? ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ವಾರ್ಡುಗಳಲ್ಲಿ ಇಂಥವರು ಇದ್ದಾರೆ. ಡ್ರಿಪ್ ಹಾಕುವ ಕೈ, ಇಂಜೆಕ್ಷನ್ ಕೊಡುವ ಕೈ ನಮಗೆ ಗೊತ್ತು. ಆ ಹೊತ್ತಿಗೆ ಆಕೆಯ ಮಗು ಯಾರ ಮನೆಯ ಜಗಲಿಯ ಮೇಲೆ ಕೂತು ಹೋಂವರ್ಕ್ ಮಾಡುತ್ತಿದೆ ಎಂದು ನಾವು ಕೇಳುವುದಿಲ್ಲ.

ಇದು ಎಲ್ಲೋ ಒಬ್ಬಿಬ್ಬರ ಕಥೆಯೆಂದು ತಳ್ಳಿಹಾಕುವಂತಿಲ್ಲ. ವಿಶ್ವಸಂಸ್ಥೆಯ ಮಹಿಳಾ ಸಂಸ್ಥೆ 2019ರಲ್ಲಿ ಹೊರತಂದ ವರದಿಯ ಪ್ರಕಾರ ಭಾರತದ ಮನೆಗಳಲ್ಲಿ ಶೇ 4.5ರಷ್ಟನ್ನು, ಅಂದರೆ ಸುಮಾರು 1 ಕೋಟಿ 30 ಲಕ್ಷ ಮನೆಗಳನ್ನು, ಒಂಟಿ ತಾಯಂದಿರೇ ನಡೆಸುತ್ತಿದ್ದಾರೆ. ತವರಿನಲ್ಲೋ ಗಂಡನ ಕಡೆಯವರ ಜೊತೆಯಲ್ಲೋ ಇದ್ದುಕೊಂಡು ಮಕ್ಕಳನ್ನು ಸಾಕುತ್ತಿರುವವರು ಇನ್ನೂ 3 ಕೋಟಿ 20 ಲಕ್ಷ ಇರಬಹುದೆಂದು ಅದೇ ವರದಿಯ ಅಂದಾಜು. ಇತ್ತ 2020ರ ವಿಶ್ವ ಆರೋಗ್ಯ ಸಂಸ್ಥೆಯ ವರದಿ ಜಗತ್ತಿನ ನರ್ಸ್‌ಗಳಲ್ಲಿ ನೂರಕ್ಕೆ ತೊಂಬತ್ತು ಮಂದಿ ಹೆಂಗಸರು ಎನ್ನುತ್ತದೆ. ಈ ಎರಡು ಲೆಕ್ಕ ಸೇರುವ ಜಾಗದಲ್ಲಿ ಯಾರು ನಿಂತಿರುತ್ತಾರೆಂದು ಊಹಿಸಲು ಕಷ್ಟವಿಲ್ಲ.

ಹಳ್ಳಿಗಾಡಿನ ಹೆಣ್ಣುಮಕ್ಕಳಿಗೆ ನರ್ಸಿಂಗ್ ಎನ್ನುವುದು ಎಷ್ಟೋ ಸಲ ಆಸರೆಯಾಗಿಯೇ ಬರುತ್ತದೆ. ಪಿಯುಸಿ ಮುಗಿಸಿ ಮೂರು ವರ್ಷದ ಕೋರ್ಸ್ ಮಾಡಿದರೆ ಕೈಗೊಂದು ಕೆಲಸ ಸಿಗುತ್ತದೆ, ಯಾವ ಊರಿಗೆ ಹೋದರೂ ಬದುಕಬಹುದು ಎಂಬ ಧೈರ್ಯ. ಮದುವೆ ಮುರಿದಾಗ ಅಥವಾ ಗಂಡ ಹೆದ್ದಾರಿಯ ಅಪಘಾತದಲ್ಲಿ ಹೋದಾಗ ಆ ಸರ್ಟಿಫಿಕೇಟು ನಿಜಕ್ಕೂ ಕೈ ಹಿಡಿಯುತ್ತದೆ. ಅದೇ ಕೆಲಸ ತಾಯಿಯನ್ನು ವಾರಗಟ್ಟಲೆ ರಾತ್ರಿಗಳಲ್ಲಿ ಮಗುವಿನಿಂದ ದೂರ ಇಡುತ್ತದೆ. ಅನ್ನ ಕೊಡುವ ಕೆಲಸವೂ ಅದೇ, ಕರುಳು ಹಿಂಡುವ ಕೆಲಸವೂ ಅದೇ.

ನನಗೆ ಪರಿಚಯವಿರುವ ಸಿಸ್ಟರ್ ಒಬ್ಬರಿದ್ದಾರೆ. ಗುರುತು ಹತ್ತುವಂಥ ವಿವರ ಬೇಡ ಎಂದಿದ್ದಾರೆ, ಹಾಗಾಗಿ ಊರನ್ನೂ ಆಸ್ಪತ್ರೆಯನ್ನೂ ಬಿಟ್ಟು ಬರೆಯುತ್ತೇನೆ. ಅವರ ಮನೆಯ ಅಡುಗೆಕೋಣೆಯ ಗೋಡೆಗೆ ಒಂದು ಕ್ಯಾಲೆಂಡರ್ ಇದೆ. ಅದರ ಒಂದೊಂದು ಮನೆಯಲ್ಲೂ ಪೆನ್ಸಿಲ್ಲಿನಲ್ಲಿ ಒಂದೊಂದು ಇಂಗ್ಲಿಷ್ ಅಕ್ಷರ: ಎಂ, ಇ, ಎನ್, ಮತ್ತೆ ಅಲ್ಲೊಂದು ಇಲ್ಲೊಂದು ಓ. ಮಾರ್ನಿಂಗ್, ಈವ್ನಿಂಗ್, ನೈಟ್, ಆಫ್. ಪೆನ್ಸಿಲ್ ಏಕೆಂದರೆ ಚಾರ್ಟ್ ಯಾವಾಗ ಬೇಕಾದರೂ ಬದಲಾಗಬಹುದು. ಎರಡನೇ ಕ್ಲಾಸಿನ ಮಗಳು ಎಬಿಸಿಡಿಯಲ್ಲಿ ಮೊದಲು ಗಟ್ಟಿಯಾಗಿ ಕಲಿತದ್ದು ಈ ನಾಲ್ಕು ಅಕ್ಷರಗಳನ್ನೇ. ಹೊಸ ತಿಂಗಳು ಬಂದ ಕೂಡಲೇ ಬೆರಳಿಟ್ಟು ಎಣಿಸುತ್ತಾಳೆ. "ಅಮ್ಮ, ಈ ಸಲ ಎನ್ನು ಜಾಸ್ತಿ ಐತೆ" ಎನ್ನುತ್ತಾಳೆ. ಓ ಬಿದ್ದ ದಿನ ಅವಳ ಹುಟ್ಟುಹಬ್ಬವೋ ಶಾಲೆಯ ವಾರ್ಷಿಕೋತ್ಸವವೋ ಆಗಿದ್ದರೆ ಅದೇ ದೊಡ್ಡ ಹಬ್ಬ.

ನೈಟ್ ಡ್ಯೂಟಿಯ ವಾರ ತವರಿನಿಂದ ಅಮ್ಮ ಬರುತ್ತಾರೆ. ಮುದ್ದೆ, ಹುರುಳಿಕಾಳಿನ ಸಾರು ಮಾಡಿಟ್ಟು, ಮಗಳಿಗೆ ಉಣ್ಣಿಸಿ, ಏಳೂಕಾಲಕ್ಕೆ ಸಿಸ್ಟರ್ ಹೊರಡುತ್ತಾರೆ. ಒಂಬತ್ತರ ಸುಮಾರಿಗೆ ವಾರ್ಡಿನಲ್ಲಿ ಹ್ಯಾಂಡ್ ಓವರ್ ಮುಗಿದು ಔಷಧಿ ಕೊಟ್ಟಾದ ಮೇಲೆ ಎರಡು ನಿಮಿಷದ ಒಂದು ಫೋನ್. ಆ ಎರಡು ನಿಮಿಷದಲ್ಲಿ ಮಗ್ಗಿ ಬರೆದೆಯಾ, ಹಾಲು ಕುಡಿದೆಯಾ, ಬಾಗಿಲ ಚಿಲಕ ಹಾಕಿದಿರಾ ಎಲ್ಲ ಮುಗಿಯಬೇಕು. ಎಮರ್ಜೆನ್ಸಿ ಬಂದ ರಾತ್ರಿ ಅದೂ ಇಲ್ಲ. ಫೋನ್ ಬರದಿದ್ದರೆ ಮಗು ನಿದ್ದೆ ಮಾಡುವುದಿಲ್ಲ, ಅಜ್ಜಿಯೂ ಮಾಡುವುದಿಲ್ಲ.

ಈ ಅಜ್ಜಿಯರ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು. ನಮ್ಮ ಸೀಮೆಯ ಉಂಡೆ ಕೊಬ್ಬರಿ ಆಗುವ ಬಗೆ ಓದುಗರಿಗೆ ಗೊತ್ತೇ ಇದೆ. ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಒಳಗೆ ಉರುಳುವ ಸದ್ದು ಬರುತ್ತದೆ. ಆಮೇಲೆ ಮಟ್ಟೆ ಸುಲಿದು, ಚಿಪ್ಪು ಒಡೆದು, ಉಂಡೆಗೆ ಪೆಟ್ಟಾಗದಂತೆ ಬಿಡಿಸಿ ತೆಗೆಯಬೇಕು. ಚಿಪ್ಪು ಒಡೆದು ಬಿಡಿಸುವ ಕೆಲಸದಲ್ಲಿ ಕೈ ಪಳಗಿದವರು ಹೆಚ್ಚಾಗಿ ಹೆಂಗಸರು, ಅದರಲ್ಲೂ ವಯಸ್ಸಾದವರು. ಕೂತಲ್ಲೇ ಮಾಡುವ ಕೆಲಸ, ಕೈಗೆ ಅಂದಂದಿನ ಕೂಲಿ. ಆ ಕೆಲಸ ಬಂದ ವಾರವೇ ಮಗಳ ನೈಟ್ ಡ್ಯೂಟಿಯೂ ಬಂದರೆ? "ಎರಡು ದಿನ ಕೊಬ್ರಿ ಕೆಲ್ಸಕ್ಕೆ ಕರ್ದವ್ರೆ ಕಣಮ್ಮ, ನಿನ್ ನೈಟ್ನ ಆಚೀಚೆ ಮಾಡ್ಕಳಕ್ಕಾಗಲ್ವಾ?" ಎಂದು ಆ ತಾಯಿ ಕೇಳಿದ್ದನ್ನು ನಾನೇ ಕೇಳಿಸಿಕೊಂಡಿದ್ದೇನೆ. ಮಗಳು ಉತ್ತರ ಕೊಡಲಿಲ್ಲ, ಬ್ಯಾಗಿಗೆ ನೀರಿನ ಬಾಟಲಿ ಇಟ್ಟುಕೊಂಡರು. ಅಜ್ಜಿ ಕೂಲಿಗೆ ಹೋಗಲಿಲ್ಲ.

ಆ ಎರಡು ದಿನದ ಕೂಲಿಯನ್ನು ಯಾವ ಇಲಾಖೆಯೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ತಾಲ್ಲೂಕು ಮಟ್ಟದ ಆಸ್ಪತ್ರೆಗಳ ರಾತ್ರಿ ಪಾಳಿ ಸರಾಗವಾಗಿ ನಡೆಯುತ್ತಿದ್ದರೆ ಅದರ ಕೆಳಗೆ ಇಂಥ ಅಜ್ಜಿಯರ ಸಂಬಳವಿಲ್ಲದ ದುಡಿಮೆ ಇದೆ ಎಂದೇ ನಾನು ನಂಬುತ್ತೇನೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾದ ಮೇಲೆ ಅಜ್ಜಿಯರ ಓಡಾಟ ಹಗುರವಾಗಿದೆ, ನಿಜ. ಹೊನ್ನವಳ್ಳಿಯಿಂದಲೋ ದಂಡಿನಶಿವರದಿಂದಲೋ ಮಗಳ ಮನೆಗೆ ಬಂದುಹೋಗಲು ಬಸ್ ಚಾರ್ಜಿನ ಚಿಂತೆ ಇಲ್ಲ. ಆದರೆ ಟಿಕೆಟ್ ಉಚಿತವಾದ ಮಾತ್ರಕ್ಕೆ ರಾತ್ರಿಯ ಬಸ್ ಹೆಚ್ಚಲಿಲ್ಲ. ಎಂಟಕ್ಕೆ ಡ್ಯೂಟಿ ಮುಗಿಸಿದ ಸಿಸ್ಟರ್ ಕಿಬ್ಬನಹಳ್ಳಿ ಕ್ರಾಸಿನಲ್ಲಿ ಇಳಿದು ಒಳಗಿನ ಹಳ್ಳಿಗೆ ಹೋಗಬೇಕಾದರೆ ಯಾರದಾದರೂ ಬೈಕು, ಆಟೊ ನೋಡಬೇಕು. ಒಂಟಿ ಹೆಂಗಸು ಯಾರ ಬೈಕ್ ಹತ್ತಿದಳು ಎನ್ನುವುದು ಮಾರನೆಯ ದಿನ ಊರಿನ ಬಾಯಿಗೆ ಬೀಳುತ್ತದೆ. ಸ್ಕೂಟಿ ತೆಗೆದುಕೊಂಡವರು ಈ ಒಂದು ಬಾಧೆಯಿಂದ ಪಾರಾಗಿದ್ದಾರೆ. ಸಾಲದ ಕಂತು ತಲೆಯ ಮೇಲಿದ್ದರೂ ಅದು ಈ ಮಾತುಗಳಿಗಿಂತ ವಾಸಿ ಎನ್ನುತ್ತಾರೆ.

ಇನ್ನು ತೋಟದ ಮಾತು. ಹೊರಗಿನವರು ತಿಪಟೂರು ಕಡೆಯವರೆಂದರೆ ತೆಂಗಿನ ತೋಟವಿರುವ ಸ್ಥಿತಿವಂತರೆಂದೇ ತಿಳಿಯುತ್ತಾರೆ. ಗಂಡನ ಪಾಲಿನ ಇಪ್ಪತ್ತೋ ಮೂವತ್ತೋ ಮರ ವಿಧವೆಗೂ ಮಕ್ಕಳಿಗೂ ಬರಬೇಕು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಹೆಂಡತಿ, ಮಕ್ಕಳು, ತೀರಿಕೊಂಡವನ ತಾಯಿ ಮೊದಲ ದರ್ಜೆಯ ವಾರಸುದಾರರು. ಕಾಗದದಲ್ಲಿ ಅದು ಸರಿಯಾಗಿಯೇ ಇದೆ. ಪೌತಿ ಖಾತೆ ಮಾಡಿಸಿ, ಪಹಣಿಯಲ್ಲಿ ಹೆಸರು ಕೂರಿಸುವ ತನಕ ಆ ಮರಗಳ ಫಸಲು ಯಾರ ಅಟ್ಟ ಸೇರುತ್ತದೆ ಎನ್ನುವುದೇ ಪ್ರಶ್ನೆ. 2023ರಲ್ಲಿ ಉಂಡೆ ಕೊಬ್ಬರಿಗೆ ಕ್ವಿಂಟಲ್‌ಗೆ 11,750 ರೂಪಾಯಿ ಬೆಂಬಲ ಬೆಲೆ ಇದ್ದಾಗ ತಿಪಟೂರು ಮಾರುಕಟ್ಟೆಯಲ್ಲಿ ದರ ಎಂಟು ಸಾವಿರದ ಆಸುಪಾಸಿಗೆ ಕುಸಿದಿತ್ತು. ಆಗ ಆ ಮರಗಳು ಯಾರಿಗೂ ಬೇಡವಾಗಿದ್ದವು. 2025ರಲ್ಲಿ ದರ ಇಪ್ಪತ್ತು ಸಾವಿರ ದಾಟಿದಾಗ ಅದೇ ಮರಗಳು ಎಲ್ಲರ ಕಣ್ಣಿಗೂ ಬಿದ್ದವು. ಕೊಬ್ಬರಿಗೆ ರೇಟು ಬಂದ ವರ್ಷ ಪಾಲಿನ ಜಗಳವೂ ಜೋರು.

ತಾಲ್ಲೂಕು ಕಚೇರಿ ತೆರೆಯುವುದು ಹತ್ತಕ್ಕೆ. ನೈಟ್ ಮುಗಿಸಿದ ಸಿಸ್ಟರ್ ಎಂಟರ ಮೇಲೆ ಮನೆಗೆ ಹೋಗಿ, ಮಗುವನ್ನು ಶಾಲೆಗೆ ಹೊರಡಿಸಿ, ಸ್ನಾನ ಮಾಡಿ, ನಿದ್ದೆಗೆಟ್ಟ ಕಣ್ಣಿನಲ್ಲೇ ವಂಶವೃಕ್ಷದ ಪ್ರಮಾಣಪತ್ರ, ಮರಣ ಪತ್ರ ಹಿಡಿದು ಅಲ್ಲಿಗೆ ಹೋಗುತ್ತಾರೆ. "ಸಾಹೇಬ್ರು ಮೀಟಿಂಗಿಗೆ ಹೋಗವ್ರೆ" ಎಂಬ ಉತ್ತರ ಪಡೆದು ಬಂದು ಮೂರು ಗಂಟೆ ಮಲಗಿದರೆ ಹೆಚ್ಚು. ನಾಲ್ಕೂವರೆಗೆ ಮಗು ಬಂದು ಬಾಗಿಲು ತಟ್ಟುತ್ತದೆ, ಎಂಟಕ್ಕೆ ಮತ್ತೆ ಡ್ಯೂಟಿ. ಮರಗಳನ್ನು ವರ್ಷಕ್ಕಿಷ್ಟು ಎಂದು ಗುತ್ತಿಗೆಗೆ ಕೊಟ್ಟುಬಿಡುವವರೇ ಜಾಸ್ತಿ. ಸಿಗುವುದು ಕಡಿಮೆ, ಆದರೆ ನೋಡಿಕೊಳ್ಳುವ ಪುರುಸೊತ್ತಿಲ್ಲದವರಿಗೆ ಬೇರೆ ದಾರಿ ಯಾವುದು?

ನಿದ್ದೆಯ ವಿಷಯವನ್ನು ನಾವು ಹಗುರಾಗಿ ನೋಡುತ್ತೇವೆ. ಮನುಷ್ಯನ ದೇಹದ ಒಳಗಡಿಯಾರ ಹೇಗೆ ನಡೆಯುತ್ತದೆ ಎಂಬುದನ್ನು ಬಿಡಿಸಿ ತೋರಿಸಿದ ಮೂವರು ಅಮೆರಿಕನ್ ವಿಜ್ಞಾನಿಗಳಿಗೆ 2017ರಲ್ಲಿ ವೈದ್ಯಕೀಯ ನೊಬೆಲ್ ಬಂತು. ಅದಕ್ಕೂ ಹತ್ತು ವರ್ಷ ಮೊದಲು, 2007ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಈ ಗಡಿಯಾರವನ್ನು ಕೆಡಿಸುವ ರಾತ್ರಿ ಪಾಳಿಯ ದುಡಿಮೆಯನ್ನು ಬಹುಮಟ್ಟಿಗೆ ಕ್ಯಾನ್ಸರ್ ತರಬಲ್ಲವುಗಳ ಪಟ್ಟಿಗೆ ಸೇರಿಸಿತು. 2019ರಲ್ಲಿ ಮತ್ತೆ ಪರಿಶೀಲಿಸಿ ಅಲ್ಲೇ ಉಳಿಸಿತು. ಜೊತೆಗಾರರಿರುವ ಮನೆಯ ನರ್ಸ್ ನೈಟ್ ಮುಗಿಸಿ ಬಂದು ಬಾಗಿಲು ಮುಂದೆ ಮಾಡಿ ಮಲಗಬಹುದು. ಒಂಟಿ ತಾಯಿಗೆ ಹಗಲೂ ಒಂದು ಪಾಳಿಯೇ. ನಾಲ್ಕು ರಾತ್ರಿ ಹೀಗೆ ಕಳೆದ ಕಣ್ಣುಗಳು ಐದನೆಯ ರಾತ್ರಿ ಇನ್ಸುಲಿನ್ನಿನ ಯೂನಿಟ್ ಓದುತ್ತಿರುತ್ತವೆ ಎಂಬುದು ರೋಗಿಗಳಾಗುವ ನಮಗೂ ಸಂಬಂಧಿಸಿದ ವಿಷಯ.

ತೆಂಗಿನ ಸೀಮೆಯ ರಾತ್ರಿ ವಾರ್ಡಿಗೆ ಅದರದೇ ಕೆಲಸಗಳಿವೆ. ಮರದಿಂದ ಬಿದ್ದವರು, ತೋಟದಲ್ಲಿ ನೀರು ಕಟ್ಟಲು ಹೋಗಿ ಹಾವು ಕಡಿಸಿಕೊಂಡವರು, ಬೆಂಗಳೂರು-ಶಿವಮೊಗ್ಗ ಹೆದ್ದಾರಿಯ ಅಪಘಾತಗಳು, ಎಲ್ಲಕ್ಕಿಂತ ಹೆಚ್ಚಾಗಿ ಹೆರಿಗೆಗಳು. ಹೆರಿಗೆ ನೋವಿಗೆ ಪಾಳಿಯ ಹಂಗಿಲ್ಲ. ಎಂಟು ಗಂಟೆಗೆ ಹೆರಿಗೆ ನಡೆಯುತ್ತಿದ್ದರೆ ಡ್ಯೂಟಿ ಮುಗಿಯಿತೆಂದು ಕೈಬಿಟ್ಟು ಬರುವಂತಿಲ್ಲ, ಯಾವ ಸಿಸ್ಟರೂ ಬರುವುದೂ ಇಲ್ಲ. ಅಲ್ಲಿ ಒಂದು ಮಗು ಹುಟ್ಟುವ ತನಕ ಇಲ್ಲಿ ಒಂದು ಮಗು ಪಕ್ಕದ ಮನೆಯಲ್ಲಿ ಕಾದಿರುತ್ತದೆ.

ಹಳ್ಳಿಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಪರಿಸ್ಥಿತಿ ಇನ್ನೂ ಬಿಗಿ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಬಂದ ಮೇಲೆ ಎಷ್ಟೋ ಕೇಂದ್ರಗಳನ್ನು ಇಪ್ಪತ್ತನಾಲ್ಕು ಗಂಟೆ ತೆರೆದಿಡಲು ಶುರುಮಾಡಿದರು; ಅದಕ್ಕೆ ಮೂವರು ಸ್ಟಾಫ್ ನರ್ಸ್ ಎಂಬ ಲೆಕ್ಕ. ಮೂರು ಪಾಳಿಗೆ ಮೂವರು. ಒಬ್ಬರು ರಜೆ ಹಾಕಿದರೆ ಉಳಿದಿಬ್ಬರಿಗೆ ಹನ್ನೆರಡು ಹನ್ನೆರಡು ಗಂಟೆ. ಮಗುವಿಗೆ ಜ್ವರವೆಂದು ರಜೆ ಕೇಳುವ ಒಂಟಿ ತಾಯಿ ಕೇಳುತ್ತಿರುವುದು ಮೇಲಧಿಕಾರಿಯನ್ನಷ್ಟೇ ಅಲ್ಲವಲ್ಲ, ತನ್ನಂತೆಯೇ ದುಡಿಯುವ ಇನ್ನಿಬ್ಬರನ್ನು. ಹಾಗಾಗಿ ಕೇಳುವುದನ್ನೇ ಬಿಡುತ್ತಾಳೆ. ಭಾರತೀಯ ನರ್ಸಿಂಗ್ ಪರಿಷತ್ತಿನ ನಿಯಮದಲ್ಲಿ ಬೇಕಾದ ನರ್ಸ್‌ಗಳ ಸಂಖ್ಯೆಯ ಮೇಲೆ ಶೇ 30ರಷ್ಟು ರಜಾ ಮೀಸಲು ಇಡಬೇಕೆಂದಿದೆ. ಯಾರಾದರೂ ರಜೆ ಹಾಕಿಯೇ ಹಾಕುತ್ತಾರೆ, ಕಾಯಿಲೆ ಬೀಳುತ್ತಾರೆ, ಬಾಣಂತಿಯರಾಗುತ್ತಾರೆ ಎಂಬುದನ್ನು ಮೊದಲೇ ಒಪ್ಪಿಕೊಂಡ ನಿಯಮ ಅದು. ಆ ಮೀಸಲು ನಿಜವಾಗಿ ಇದ್ದ ಕಡೆ ರಜೆ ಹಕ್ಕಾಗುತ್ತದೆ. ಇಲ್ಲದ ಕಡೆ ಅದು ಸಹೋದ್ಯೋಗಿಗೆ ಮಾಡಿದ ಅನ್ಯಾಯದಂತೆ ಕಾಣತೊಡಗುತ್ತದೆ. ತಪ್ಪು ಹುದ್ದೆ ತುಂಬದವರದು. ಮುನಿಸು ಮಾತ್ರ ಇಬ್ಬರು ಸಿಸ್ಟರುಗಳ ನಡುವೆ.

ರಜೆಯ ಕಾನೂನುಗಳಲ್ಲಿ ಒಳ್ಳೆಯ ಬದಲಾವಣೆಗಳಾಗಿವೆ ಎನ್ನುವುದನ್ನೂ ಹೇಳಬೇಕು. ಕೇಂದ್ರ ಸರ್ಕಾರ 2008ರಲ್ಲೇ ತನ್ನ ಮಹಿಳಾ ನೌಕರರಿಗೆ ಇಡೀ ಸೇವಾವಧಿಯಲ್ಲಿ 730 ದಿನಗಳ ಶಿಶುಪಾಲನಾ ರಜೆ ಕೊಟ್ಟಿತು. ಕರ್ನಾಟಕದಲ್ಲಿ 2021ರ ಬಜೆಟ್‌ನಲ್ಲಿ ಘೋಷಣೆಯಾಗಿ ಅದೇ ವರ್ಷ ಜೂನ್‌ನಲ್ಲಿ ಆರು ತಿಂಗಳ, ಅಂದರೆ 180 ದಿನಗಳ ರಜೆಯ ಆದೇಶ ಬಂತು. 2023ರಲ್ಲಿ ಅದನ್ನು ಒಂಟಿ ತಂದೆಯರಿಗೂ ವಿಸ್ತರಿಸಿದರು. ನಮ್ಮ ವಾರ್ಡುಗಳಲ್ಲಿ ಈಗ 'ಬ್ರದರ್'ಗಳೂ ಇದ್ದಾರೆ, ಹೆಂಡತಿಯನ್ನು ಕಳೆದುಕೊಂಡು ಮಕ್ಕಳನ್ನು ಸಾಕುವವರು ಅವರಲ್ಲೂ ಇರುತ್ತಾರೆ, ಆದ್ದರಿಂದ ಅದು ಸರಿಯಾದ ಹೆಜ್ಜೆ.

ಈ ರಜೆಯ ಸುತ್ತ ನಡೆದ ಒಂದು ಮೊಕದ್ದಮೆಯನ್ನು ಪ್ರತಿ ನರ್ಸೂ ತಿಳಿದಿರಬೇಕು, ಏಕೆಂದರೆ ಅದನ್ನು ಹೂಡಿದ್ದು ಒಬ್ಬ ನರ್ಸ್. ಚಂಡೀಗಢದ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯಲ್ಲಿ ಶುಶ್ರೂಷಾಧಿಕಾರಿಯಾಗಿದ್ದ ದೀಪಿಕಾ ಸಿಂಗ್ ಮದುವೆಯಾದದ್ದು ಮೊದಲ ಹೆಂಡತಿ ತೀರಿಕೊಂಡಿದ್ದವರನ್ನು. ಅವರ ಇಬ್ಬರು ಮಕ್ಕಳನ್ನು ತನ್ನವರೆಂದು ನೋಡಿಕೊಂಡು, ಅವರಿಗಾಗಿ ಶಿಶುಪಾಲನಾ ರಜೆ ಪಡೆದಿದ್ದರು. 2019ರಲ್ಲಿ ತಾನೇ ಹೆತ್ತಾಗ ಸಂಸ್ಥೆ ಹೆರಿಗೆ ರಜೆ ನಿರಾಕರಿಸಿತು. ಇಬ್ಬರು ಮಕ್ಕಳು ಆಗಲೇ ಲೆಕ್ಕಕ್ಕೆ ಬಂದಿದ್ದಾರೆ, ಇದು ಮೂರನೆಯದು ಎಂಬ ಕಾರಣ. ನ್ಯಾಯಮಂಡಳಿಯಲ್ಲೂ ಹೈಕೋರ್ಟಿನಲ್ಲೂ ಸೋತು ಆಕೆ ಸುಪ್ರೀಂ ಕೋರ್ಟಿಗೆ ಹೋದರು. 2022ರ ಆಗಸ್ಟ್ 16ರಂದು ನ್ಯಾಯಮೂರ್ತಿಗಳಾದ ಡಿ.ವೈ. ಚಂದ್ರಚೂಡ್ ಮತ್ತು ನಮ್ಮ ಕೊಡಗಿನವರಾದ ಎ.ಎಸ್. ಬೋಪಣ್ಣ ಆಕೆಯ ಪರ ತೀರ್ಪು ಕೊಟ್ಟರು. ಅಪ್ಪ, ಅಮ್ಮ, ಮಕ್ಕಳು ಎಂಬ ಒಂದೇ ಅಚ್ಚಿನಲ್ಲಿ ಎಲ್ಲ ಕುಟುಂಬಗಳೂ ಇರುವುದಿಲ್ಲ. ಸಾವು, ಅಗಲಿಕೆ, ವಿಚ್ಛೇದನದಿಂದ ಒಬ್ಬರೇ ನಡೆಸುವ ಮನೆಗಳೂ ಕುಟುಂಬಗಳೇ, ಅವುಗಳಿಗೂ ಕಾನೂನಿನ ರಕ್ಷಣೆ ಸಲ್ಲಬೇಕು ಎಂಬುದು ಆ ತೀರ್ಪಿನ ತಿರುಳು. 2024ರ ಏಪ್ರಿಲ್‌ನಲ್ಲಿ ಹಿಮಾಚಲ ಪ್ರದೇಶದ ಅಧ್ಯಾಪಕಿಯೊಬ್ಬರ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಶಿಶುಪಾಲನಾ ರಜೆ ಹೆಂಗಸರು ದುಡಿಮೆಯಲ್ಲಿ ಉಳಿಯಲು ಬೇಕಾದ ಸಾಂವಿಧಾನಿಕ ಅಗತ್ಯ ಎಂದು ಇನ್ನಷ್ಟು ಸ್ಪಷ್ಟ ಮಾಡಿತು.

ಇವೆಲ್ಲ ಸರ್ಕಾರಿ ನೌಕರಿಯವರ ಮಾತಾಯಿತು. ತಾಲ್ಲೂಕು ಕೇಂದ್ರಗಳ ಚಿಕ್ಕ ಚಿಕ್ಕ ನರ್ಸಿಂಗ್ ಹೋಮ್‌ಗಳಲ್ಲಿ ದುಡಿಯುವ ಹುಡುಗಿಯರಿಗೆ ಶಿಶುಪಾಲನಾ ರಜೆ ಎಂಬುದು ಕಾನೂನಿನಲ್ಲೇ ಇಲ್ಲ. ಅವರ ಸಂಬಳದ ಬಗ್ಗೆಯೂ ಸುಪ್ರೀಂ ಕೋರ್ಟಿನ 2016ರ ಸೂಚನೆಯಂತೆ ಕೇಂದ್ರ ನೇಮಿಸಿದ ಸಮಿತಿ ಶಿಫಾರಸು ಕೊಟ್ಟಿದೆ: ಐವತ್ತು ಹಾಸಿಗೆಗಿಂತ ಚಿಕ್ಕ ಆಸ್ಪತ್ರೆಯಾದರೂ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದು, ಇನ್ನೂರು ಹಾಸಿಗೆ ಮೀರಿದರೆ ಸರ್ಕಾರಿ ನರ್ಸ್‌ಗೆ ಸಮನಾಗಿ ಕೊಡಬೇಕು. ಸಮಿತಿಯ ಶಿಫಾರಸನ್ನು ರಾಜ್ಯಗಳಿಗೆ ಕಳಿಸಿದ್ದೂ ಆಯಿತು. ನಿಮ್ಮೂರಿನ ನರ್ಸಿಂಗ್ ಹೋಮಿನ ಸಿಸ್ಟರನ್ನು ಒಮ್ಮೆ ಕೇಳಿ ನೋಡಿ, ಎಷ್ಟು ಬರುತ್ತದೆಂದು. ಆ ದುಡ್ಡಿನಲ್ಲಿ ಮನೆ ಬಾಡಿಗೆ, ಶಾಲೆಯ ಫೀಸು ಕಳೆದು, ರಾತ್ರಿ ಮಗುವಿನ ಜೊತೆ ಮಲಗುವ ಹೆಂಗಸಿಗೂ ಕೊಡಬೇಕು.

ಮಗುವನ್ನು ಬಿಟ್ಟುಹೋಗಲು ಜಾಗ ಎಲ್ಲಿದೆ? 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದ ಟಿ. ನರಸೀಪುರವೂ ಅದರಲ್ಲಿತ್ತು. ಅಂಗನವಾಡಿಯ ಐವತ್ತು ವರ್ಷಗಳ ಅನುಭವ ನಮ್ಮ ರಾಜ್ಯಕ್ಕಿದೆ, ಆದರೆ ಅದು ಹಗಲಿನದು, ಸಂಜೆ ನಾಲ್ಕಕ್ಕೆ ಮುಗಿಯುವಂಥದು. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರಿಗಾಗಿ 2023ರಲ್ಲಿ ನಾಲ್ಕು ಸಾವಿರ ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ಘೋಷಿಸಿದ್ದು ಒಳ್ಳೆಯ ಕೆಲಸ, ಅದೂ ಹಗಲಿನದೇ. 2017ರಲ್ಲಿ ತಿದ್ದುಪಡಿಯಾದ ಹೆರಿಗೆ ಸೌಲಭ್ಯ ಕಾಯ್ದೆ ಐವತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಯಲ್ಲಿ ಶಿಶುಪಾಲನಾ ಕೇಂದ್ರ ಕಡ್ಡಾಯ ಎಂದಿತು, ತಾಯಿ ದಿನಕ್ಕೆ ನಾಲ್ಕು ಬಾರಿ ಹೋಗಿ ಮಗುವನ್ನು ನೋಡಿ ಬರಬಹುದು ಎಂದಿತು. ಚಿಕ್ಕ ಊರಿನ ನರ್ಸಿಂಗ್ ಹೋಮುಗಳು ಐವತ್ತರ ಗೆರೆಯ ಕೆಳಗೇ ಉಳಿಯುತ್ತವೆ. ಇಷ್ಟೆಲ್ಲ ಯೋಜನೆಗಳ ನಡುವೆ ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರ ತನಕ ಒಂದು ಮಗುವನ್ನು ಮಲಗಿಸಿಕೊಳ್ಳುವ ಏರ್ಪಾಡು ಎಲ್ಲೂ ಇಲ್ಲ. ಜಪಾನಿನ ಹಲವು ಆಸ್ಪತ್ರೆಗಳು ತಮ್ಮ ಆವರಣದಲ್ಲೇ ಸಿಬ್ಬಂದಿಯ ಮಕ್ಕಳಿಗೆ ಪಾಲನಾ ಕೊಠಡಿ ನಡೆಸುತ್ತವೆ, ಕೆಲವು ರಾತ್ರಿ ಪಾಳಿಗೂ ತೆರೆದಿರುತ್ತವೆ. ನರ್ಸ್‌ಗಳು ಕೆಲಸ ಬಿಟ್ಟುಹೋಗುವುದನ್ನು ತಡೆಯಲು ಅವರು ಕಂಡುಕೊಂಡ ದಾರಿ ಅದು.

ಬೇರೇನೂ ತೋಚದಾಗ ನಮ್ಮ ಜಿಲ್ಲೆಯ ತಾಯಂದಿರಿಗೆ ಉಳಿಯುವುದು ವಸತಿ ಶಾಲೆ. ತುಮಕೂರಿನ ಸಿದ್ಧಗಂಗಾ ಮಠ ಎಷ್ಟೋ ತಲೆಮಾರುಗಳಿಂದ ಸಾವಿರಾರು ಬಡ ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ಕೊಟ್ಟಿದೆ. 2019ರಲ್ಲಿ ಶಿವೈಕ್ಯರಾದ ಶಿವಕುಮಾರ ಸ್ವಾಮೀಜಿಯವರನ್ನು ಮನೆಯ ಹಿರಿಯರಂತೆ ನೆನೆಯುವ ಒಂಟಿ ತಾಯಂದಿರು ನಮ್ಮ ಕಡೆ ಬೇಕಾದಷ್ಟು. ಆರನೇ ತರಗತಿಯಿಂದ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಿವೆ. ಈ ಆಸರೆ ದೊಡ್ಡದು, ಅದರ ಋಣವೂ ದೊಡ್ಡದು. ಹಾಗಿದ್ದರೂ, ಓದಿನ ಆಸೆಗೆ ಮಗುವನ್ನು ಹಾಸ್ಟೆಲಿಗೆ ಬಿಡುವುದು ಬೇರೆ, ಡ್ಯೂಟಿ ಚಾರ್ಟಿಗೆ ಹೆದರಿ ಬಿಡುವುದು ಬೇರೆ. ಎರಡನೆಯದು ನಡೆಯುತ್ತಿದ್ದರೆ ಆಸ್ಪತ್ರೆ ನಡೆಸುವವರು ತಲೆ ತಗ್ಗಿಸಬೇಕು.

ಇಷ್ಟಕ್ಕೂ ಏನು ಮಾಡಬಹುದು ಎಂದರೆ, ನನ್ನ ಮಟ್ಟಿಗೆ ಮೊದಲ ಕೆಲಸಕ್ಕೆ ಕಾಸೂ ಖರ್ಚಿಲ್ಲ. ಚಾರ್ಟನ್ನು ಮೊದಲೇ ಬರೆದು ಅಂಟಿಸುವುದು. ಅಟ್ಟದ ಮೇಲಿನ ಕಾಯಿಗೆ ಹತ್ತು ತಿಂಗಳ ಗಡುವು ಕೊಟ್ಟು ತಾಳ್ಮೆಯಿಂದ ಕಾಯುವ ನಾವು, ಸಿಸ್ಟರ್ ಒಬ್ಬರಿಗೆ ನಾಳೆ ರಾತ್ರಿ ಡ್ಯೂಟಿ ಎಂಬುದನ್ನು ಇವತ್ತು ಸಂಜೆ ಫೋನಿನಲ್ಲಿ ಹೇಳುತ್ತೇವೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1977ರಲ್ಲೇ ನರ್ಸ್‌ಗಳಿಗಾಗಿ ಒಂದು ಒಡಂಬಡಿಕೆಯನ್ನೂ ಅದರ ಜೊತೆ ಶಿಫಾರಸುಗಳನ್ನೂ ರೂಪಿಸಿತು. ಸಂಸಾರವನ್ನು ಹೊಂದಿಸಿಕೊಳ್ಳಲು ಅನುವಾಗುವಂತೆ ಪಾಳಿಪಟ್ಟಿಯನ್ನು ಸಾಕಷ್ಟು ಮುಂಚೆ ತಿಳಿಸಬೇಕು, ಎರಡು ಪಾಳಿಗಳ ನಡುವೆ ಹನ್ನೆರಡು ಗಂಟೆಯಾದರೂ ಬಿಡುವಿರಬೇಕು ಎಂದು ಅಲ್ಲಿದೆ. ಭಾರತ ಆ ಒಡಂಬಡಿಕೆಯನ್ನು ಅನುಮೋದಿಸಿಲ್ಲ. ಅನುಮೋದಿಸದಿದ್ದರೇನು, ಒಳ್ಳೆಯ ಮಾತನ್ನು ಪಾಲಿಸಲು ದೆಹಲಿಯ ಸಹಿ ಬೇಕಿಲ್ಲ. ನರ್ಸಿಂಗ್ ಸೂಪರಿಂಟೆಂಡೆಂಟರು ಮನಸ್ಸು ಮಾಡಿದರೆ ಸಾಕು.

ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ 2021ರಿಂದ ಕೆಲಸಕ್ಕೆ ಸೇರಿದ ಮೊದಲ ದಿನದಿಂದಲೇ ತನಗೆ ಅನುಕೂಲವಾದ ಪಾಳಿ ಕೇಳುವ ಹಕ್ಕಿದೆ. ನಮ್ಮಲ್ಲಿ ಹಕ್ಕಿನ ಮಾತು ದೂರ, ಕೇಳುವುದೇ ಸಂಕೋಚ. ನೈಟ್ ಡ್ಯೂಟಿಯನ್ನು ಒಂಟಿ ತಾಯಂದಿರಿಗೆ ಪೂರ್ತಿ ಬಿಟ್ಟುಬಿಡಿ ಎಂದು ನಾನು ಹೇಳುವುದಿಲ್ಲ. ಹಾಗೆ ಮಾಡಿದರೆ ಭಾರ ಉಳಿದವರ ಮೇಲೆ ಬೀಳುತ್ತದೆ, ಅವರಿಗೂ ಮನೆ ಇದೆ, ವಯಸ್ಸಾದ ಅಪ್ಪ ಅಮ್ಮ ಇದ್ದಾರೆ. ಅಂಥ ವಿನಾಯಿತಿಯನ್ನು ಒಂಟಿ ತಾಯಂದಿರೂ ಕೇಳುತ್ತಿಲ್ಲ. ಅವರು ಕೇಳುವುದು ಇಷ್ಟೇ: ನೈಟ್ ಯಾವ ವಾರ ಎಂದು ಹಿಂದಿನ ತಿಂಗಳೇ ಗೊತ್ತಾಗಲಿ, ಅಜ್ಜಿಗೆ ಮೊದಲೇ ಹೇಳಿಡಬಹುದು. ಮಾರ್ನಿಂಗ್, ಈವ್ನಿಂಗ್, ನೈಟ್ ಎಂದು ಮುಂದಕ್ಕೆ ಸರಿಯುವ ಕ್ರಮದಲ್ಲಿ ಪಾಳಿ ಬರಲಿ, ದೇಹಕ್ಕೂ ಅದು ಸುಲಭ. ಇಬ್ಬರು ಒಪ್ಪಿ ಡ್ಯೂಟಿ ಅದಲುಬದಲು ಮಾಡಿಕೊಂಡರೆ ಅದಕ್ಕೆ ತಕರಾರು ಬೇಡ. ಶಾಲೆಯಲ್ಲಿ ಪೋಷಕರ ಸಭೆ ಇರುವ ದಿನ ಬೆಳಗಿನ ಪಾಳಿ ಹಾಕಬೇಡಿ, ಏಕೆಂದರೆ ಆ ಮಗುವಿಗೆ ಸಭೆಗೆ ಬರಲು ಇರುವುದು ಒಬ್ಬರೇ.

ಎರಡನೆಯದಕ್ಕೆ ಸ್ವಲ್ಪ ಹಣ ಬೇಕು, ಬಹಳವಲ್ಲ. ಮೂರೂ ತಾಲ್ಲೂಕಿನ ಸಾರ್ವಜನಿಕ ಆಸ್ಪತ್ರೆಗಳಲ್ಲಿ ಒಂದೊಂದು ಕೋಣೆ, ನಾಲ್ಕು ಮಂಚ, ಒಬ್ಬ ಆಯಾ, ಬಾಗಿಲಿಗೆ ಗಟ್ಟಿ ಚಿಲಕ. ನೈಟ್ ಡ್ಯೂಟಿಗೆ ಬರುವ ಸಿಸ್ಟರ್, ಲ್ಯಾಬಿನವರು, ಡಿ ಗ್ರೂಪ್ ನೌಕರರು, 108ರ ಸಿಬ್ಬಂದಿ, ಯಾರಿಗೆ ಬೇಕೋ ಅವರು ಮಗುವನ್ನು ಅಲ್ಲಿ ಮಲಗಿಸಲಿ. ಪಟ್ಟಣದ ಖಾಸಗಿ ನರ್ಸಿಂಗ್ ಹೋಮ್‌ಗಳು ಒಟ್ಟುಗೂಡಿ ಪಾಲು ಹಾಕಿ ತಮ್ಮವರ ಮಕ್ಕಳಿಗೂ ಇಂಥದೊಂದು ಮಾಡಬಹುದು. ಆಸ್ಪತ್ರೆಗಳಲ್ಲಿ ಆರೋಗ್ಯ ರಕ್ಷಾ ಸಮಿತಿಗಳಿವೆ, ಅವುಗಳಲ್ಲಿ ಜನಪ್ರತಿನಿಧಿಗಳಿದ್ದಾರೆ, ಊರಿನ ಪ್ರಮುಖರಿದ್ದಾರೆ. ಪೇಂಟ್, ಕುರ್ಚಿ, ನೀರಿನ ಫಿಲ್ಟರ್ ಬಗ್ಗೆ ಅಲ್ಲಿ ಚರ್ಚೆಯಾಗುತ್ತದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಸಮಿತಿಗಳ ಸದಸ್ಯರಲ್ಲಿ ನನ್ನ ವಿನಂತಿ: ಮುಂದಿನ ಸಭೆಯಲ್ಲಿ ಈ ಕೋಣೆಯ ವಿಷಯವನ್ನೂ ಸೇರಿಸಿಕೊಳ್ಳಿ, ಆ ಸಭೆಗೆ ನೈಟ್ ಡ್ಯೂಟಿ ಮಾಡುವ ಒಬ್ಬ ಸಿಸ್ಟರನ್ನೂ ಕರೆಯಿರಿ. ಕರೆಯುವಾಗ ಅವರ ಪಾಳಿ ನೋಡಿ ಸಮಯ ಇಡಿ.